'ಗೊತ್ತಿಲ್ಲ' ಬೇರೆ, 'ಗೊತ್ತಾಗ್ತಿಲ್ಲ' ಬೇರೆ: ಜಪಾನಿ ಜೋಡಿಪದಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎರಡು ವರ್ಷದಿಂದ ಜಪಾನಿ ಕಲಿಯುತ್ತಿದ್ದೇನೆ, ಜಪಾನಿ ಭಾಷಾ ಪರೀಕ್ಷೆಯ ಎನ್4 ಹಂತ ಪಾಸಾಗಿದೆ. ಕಳೆದ ತಿಂಗಳು ಜಪಾನಿನ ಗ್ರಾಹಕರ ಜೊತೆ ಕರೆಯಲ್ಲಿದ್ದಾಗ ಅವರು 'ಈ ತೊಂದರೆ ಯಾವಾಗ ಸರಿಹೋಗುತ್ತದೆ?' ಎಂದು ಕೇಳಿದರು. ಧೈರ್ಯ ಮಾಡಿ ಜಪಾನಿಯಲ್ಲೇ 'ಶಿರಿಮಸೆನ್' ಅಂದೆ. ಆ ಕಡೆ ಎಲ್ಲರೂ ಗಪ್‌ಚುಪ್. ಆಮೇಲೆ ನಮ್ಮ ದುಭಾಷಿ 'ವಕರಿಮಸೆನ್ ಅಂತಾದ್ರೂ ಅನ್ನಬಾರದಿತ್ತಾ?' ಎಂದರು. ನನ್ನ ಪುಸ್ತಕದಲ್ಲಿ ಎರಡಕ್ಕೂ 'ಐ ಡೋಂಟ್ ನೋ' ಎಂದೇ ಇದೆ. ವ್ಯತ್ಯಾಸ ಏನು? ಇಂಥ ಜೋಡಿಗಳು ಇನ್ನೂ ಬಹಳ ಸಿಗುತ್ತಿವೆ. ಅವನ್ನೆಲ್ಲ ನೆನಪಿಡೋದು ಹೇಗೆ?

ಉತ್ತರ: ತಪ್ಪು ನಿಮ್ಮದಕ್ಕಿಂತ ಆ ಪುಸ್ತಕದ್ದು ಹೆಚ್ಚು. ಒಂದು ಗಳಿಗೆ ಜಪಾನಿಯನ್ನು ಪಕ್ಕಕ್ಕಿಟ್ಟು ನಮ್ಮೂರ ಬಸ್ ಸ್ಟ್ಯಾಂಡಿಗೆ ಬನ್ನಿ. ವಿಚಾರಣೆ ಕಿಟಕಿಯಲ್ಲಿ ಕೂತವರನ್ನು 'ಶಿರಸಿ ಬಸ್ಸು ಎಷ್ಟೊತ್ತಿಗ್ರೀ?' ಎಂದು ಕೇಳುತ್ತೀರಿ. ಒಬ್ಬರು ತಲೆಯನ್ನೂ ಎತ್ತದೆ 'ಗೊತ್ತಿಲ್ಲ' ಅನ್ನುತ್ತಾರೆ. ಇನ್ನೊಬ್ಬರು ಫೋನನ್ನು ಕಿವಿಗೆ ಹಿಡಿದುಕೊಂಡೇ 'ಇನ್ನೂ ಗೊತ್ತಾಗ್ತಿಲ್ಲ ರೀ' ಅನ್ನುತ್ತಾರೆ. ಇಬ್ಬರಿಂದಲೂ ನಿಮಗೆ ಸಿಕ್ಕ ಮಾಹಿತಿ ಸೊನ್ನೆ. ಆದರೆ ಮೊದಲನೆಯವರ ಮೇಲೆ ಸಿಟ್ಟು ಬರುತ್ತದೆ, ಎರಡನೆಯವರ ಮೇಲೆ ಬರುವುದಿಲ್ಲ. ಮೊದಲನೆಯವರು ಹೇಳಿದ್ದು ಶಿರಿಮಸೆನ್, ಎರಡನೆಯವರು ಹೇಳಿದ್ದು ವಕರಿಮಸೆನ್. ನಿಮ್ಮ ಗ್ರಾಹಕರ ಕಿವಿಗೆ ನೀವು ಕಿಟಕಿಯ ಹಿಂದಿನ ಆ ಮೊದಲನೆಯ ಮನುಷ್ಯನಾಗಿ ಕೇಳಿಸಿದಿರಿ, ಅಷ್ಟೇ.

ಈಗ ಒಳಗೆ ಇಳಿಯೋಣ. 'ಶಿರು' ಎಂದರೆ ಹೊರಗಿದ್ದ ಒಂದು ಸಂಗತಿ ನಮ್ಮೊಳಗೆ ಬಂದು ಸೇರುವುದು. ಯಾರೋ ಹೇಳಿದರು, ಎಲ್ಲೋ ಓದಿದೆವು, ಕಣ್ಣಾರೆ ಕಂಡೆವು, ಅಲ್ಲಿಂದ ಅದು ನಮ್ಮ ಹತ್ತಿರ ಉಳಿಯಿತು. 'ವಕರು' ಹಾಗಲ್ಲ. ಕಲಸಿಹೋಗಿದ್ದು ಬಿಡಿಬಿಡಿಯಾಗಿ ಕಾಣತೊಡಗುವುದು ವಕರು. ಅದರ ಮನೆತನವನ್ನೇ ನೋಡಿ: 'ವಕೆರು' ಅಂದರೆ ಹಂಚು, ಪಾಲು ಮಾಡು, 'ವಕರೆರು' ಅಂದರೆ ಕವಲೊಡೆ, ಬೇರೆಯಾಗು. ಮೂರಕ್ಕೂ ಸಾಮಾನ್ಯವಾಗಿ ಬಳಸುವ ಚಿತ್ರಾಕ್ಷರ ಒಂದೇ, ಅದರ ಮೇಲ್ಭಾಗ ಎರಡಾಗಿ ಸೀಳಿದ ಗುರುತು, ಕೆಳಭಾಗ ಕತ್ತಿ. ಕತ್ತಿಯಿಂದ ಸೀಳಿ ಬೇರೆ ಮಾಡಿದಾಗ ಇದು ಇದು, ಅದು ಅದು ಎಂದು ಕಾಣುತ್ತದಲ್ಲ, ಅದೇ ವಕರು.

ಕನ್ನಡದಲ್ಲೂ ಇಂಥದೇ ಒಂದು ಜೋಡಿ ಇದೆ, ನಾವು ಗಮನಿಸುವುದಿಲ್ಲ. 'ಗೊತ್ತು' ಅಂದರೆ ಮೂಲದಲ್ಲಿ ನೆಲೆ, ನಿಗದಿಯಾದ ಜಾಗ. 'ಗೊತ್ತುಗುರಿ ಇಲ್ಲ', 'ದಿನ ಗೊತ್ತುಮಾಡಿದರು', 'ಗೊತ್ತುವಳಿ' ಅನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಮಾಹಿತಿ ಒಂದು ಕಡೆ ನೆಲೆಯಾಗಿ ಕೂತಿರುವುದು ಗೊತ್ತು. 'ತಿಳಿ' ಅನ್ನುವುದು ಬೇರೆ ಜಾತಿ. ತಿಳಿಸಾರು, ತಿಳಿನೀರು, ತಿಳಿ ಆಕಾಶ. ಬಗ್ಗಡ ತಳಕ್ಕಿಳಿದು ಮೇಲೆ ನಿಂತದ್ದು ತಿಳಿ. ಜಪಾನಿಗಳು ಕತ್ತಿಯಿಂದ ಸೀಳಿ ಅರ್ಥ ಮಾಡಿಕೊಂಡರೆ, ನಾವು ಪಾತ್ರೆ ಅಲುಗಿಸದೆ ಕಾದು ಅರ್ಥ ಮಾಡಿಕೊಳ್ಳುತ್ತೇವೆ. ಶಿರು ಗೊತ್ತಿನ ಹತ್ತಿರ, ವಕರು ತಿಳಿಯ ಹತ್ತಿರ. ಇದನ್ನು ಹಿಡಿದುಕೊಂಡರೆ ಮುಕ್ಕಾಲು ಪಾಲು ದಾರಿ ಸವೆಯಿತು.

ಒಂದು ಕೊಲೆ ನಡೆದಿದೆ ಅಂದುಕೊಳ್ಳಿ. ಪತ್ತೇದಾರ ರಾತ್ರಿಯೆಲ್ಲ ತಲೆ ಕೆರೆದುಕೊಂಡು, ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು 'ಹನ್ನಿನ್ ಗ ವಕತ್ತ' ಅನ್ನುತ್ತಾನೆ: ಅಪರಾಧಿ ಯಾರೆಂದು ತಿಳಿಯಿತು. ಕಿಟಕಿಯಿಂದ ಎಲ್ಲ ಕಂಡಿದ್ದ ಪಕ್ಕದ ಮನೆಯಾಕೆ 'ಹನ್ನಿನ್ ಒ ಶಿತ್ತೆ ಇರು' ಅನ್ನುತ್ತಾಳೆ: ಅಪರಾಧಿ ಯಾರೆಂದು ನನಗೆ ಗೊತ್ತಿದೆ. ಪತ್ತೇದಾರನದು ಬಿಡಿಸಿದ ಒಗಟು, ಆಕೆಯದು ಕೈಯಲ್ಲಿರುವ ಮಾಹಿತಿ. ಎರಡು ವಾಕ್ಯಗಳನ್ನು ಅದಲುಬದಲು ಮಾಡಿದರೆ ಕತೆಯೇ ಬದಲಾಗುತ್ತದೆ. ಪತ್ತೇದಾರ 'ಶಿತ್ತೆ ಇರು' ಅಂದರೆ ಇವನಿಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ಅವನ ಮೇಲೇ ಅನುಮಾನ ಬಂದೀತು.

ಆ ಎರಡು ವಾಕ್ಯಗಳಲ್ಲಿ 'ಗ' ಮತ್ತು 'ಒ' ಬದಲಾಗಿದ್ದನ್ನು ಗಮನಿಸಿದಿರಾ? 'ಗ' ಕರ್ತೃವಿನ ಗುರುತು, 'ಒ' ಕರ್ಮದ ಗುರುತು. ವಕರುಗೆ 'ಗ', ಶಿರುಗೆ 'ಒ'. ಇಂಗ್ಲಿಷ್ ಮೂಲಕ ಕಲಿತವರು 'ನಿಹೊಂಗೊ ಒ ವಕರಿಮಸ್' (ನಿಹೊಂಗೊ ಅಂದರೆ ಜಪಾನಿ ಭಾಷೆ) ಎಂದು ಎಡವುತ್ತಾರೆ, ಏಕೆಂದರೆ ಅಲ್ಲಿ ಅರ್ಥ ಮಾಡಿಕೊಳ್ಳುವವನೇ ಕರ್ತೃ. ಕನ್ನಡದವರಿಗೆ ಇಲ್ಲಿ ಎಡವಲು ಕಾರಣವೇ ಇಲ್ಲ. ನಾವು 'ನನಗೆ ಜಪಾನಿ ಅರ್ಥವಾಗುತ್ತೆ' ಅನ್ನುತ್ತೇವೆ. ಅರ್ಥವಾಗುವುದು ಜಪಾನಿ, ನಾನು ಪಕ್ಕದಲ್ಲಿ 'ನನಗೆ' ಎಂದು ಚತುರ್ಥಿ ವಿಭಕ್ತಿಯಲ್ಲಿ ನಿಂತಿರುತ್ತೇನೆ. ಜಪಾನಿಯಲ್ಲೂ 'ವತಶಿ ನಿ ವ ವಕರನಯಿ' (ನನಗೆ ಅರ್ಥವಾಗುವುದಿಲ್ಲ) ಎನ್ನಬಹುದು, ಆ 'ನಿ' ಥೇಟ್ ನಮ್ಮ 'ಗೆ'. ಆದರೆ ಇದೇ ಧೈರ್ಯದಲ್ಲಿ 'ನನಗೆ ಗೊತ್ತು' ಎನ್ನಲು ಶಿರುವಿಗೂ 'ನಿ' ಹಚ್ಚಬೇಡಿ. ಶಿರುವಿನ ವಿಷಯದಲ್ಲಿ ತಿಳಿದವನೇ ಕರ್ತೃ. ನಮ್ಮ ಹಳೆಯ 'ನಾನು ಬಲ್ಲೆ' ಇದೆಯಲ್ಲ, ಆ ಅಚ್ಚು.

'ಜಪಾನಿ ಬರುತ್ತೆ' ಅನ್ನಬೇಕಾದರೆ 'ನಿಹೊಂಗೊ ಗ ವಕರಿಮಸ್' ಅಥವಾ 'ದೆಕಿಮಸ್'. ಭಾಷೆಗೆ ಶಿರು ಹಚ್ಚಿದರೆ ಅಂಥದೊಂದು ಭಾಷೆ ಇದೆ ಎಂದು ಕೇಳಿ ಬಲ್ಲೆ ಎನ್ನುವ ಹಾಗೆ ವಿಚಿತ್ರವಾಗಿ ಕೇಳಿಸುತ್ತದೆ. ಅಂದಹಾಗೆ ಈ 'ದೆಕಿರು'ವಿನ ಹಳೆಯ ರೂಪ 'ಇದೆಕುರು', ಅಂದರೆ ಹೊರಗೆ ಬರು. ಅವರಿಗೂ ಭಾಷೆ 'ಬರುತ್ತದೆ'!

ಮುಂದಿನ ಗಂಟು: 'ಶಿತ್ತೆ ಇಮಸ್' ಅಂದರೆ ಗೊತ್ತಿದೆ. ಹಾಗಾದರೆ ಗೊತ್ತಿಲ್ಲ ಅನ್ನಲು 'ಶಿತ್ತೆ ಇಮಸೆನ್' ಆಗಬೇಕಲ್ಲ? ಆಗುವುದಿಲ್ಲ, 'ಶಿರಿಮಸೆನ್' ಅನ್ನುತ್ತಾರೆ. ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಇದಕ್ಕೆ ಜಗಳ ತೆಗೆಯುತ್ತಾರೆ. ಶಿರು ಒಂದು ಸ್ಥಿತಿಯ ಹೆಸರಲ್ಲ, ಒಳಗೆ ಬರುವ ಘಟನೆಯ ಹೆಸರು, ನಮ್ಮ 'ಗೊತ್ತಾಗು'. 'ಶಿತ್ತೆ' ಅಂದರೆ 'ಗೊತ್ತಾಗಿ', ಮುಂದಿನ 'ಇರು' ಅಂದರೆ ಇರು. ಗೊತ್ತಾಗಿ ಇದೆ, ಅಂದರೆ ಗೊತ್ತಿದೆ. ಒಳಗೆ ಬಂದೇ ಇಲ್ಲದ ಮೇಲೆ ಬಂದು 'ಇರುವ' ಮಾತೇ ಏಳುವುದಿಲ್ಲ, ಹಾಗಾಗಿ ನಿಷೇಧದಲ್ಲಿ 'ಇರು' ಉದುರಿಹೋಗುತ್ತದೆ. (ಅಲ್ಲಿಯ ಇರು ಮತ್ತು ನಮ್ಮ ಇರು ಒಂದೇ ಥರ ಇರುವುದು ಕಾಕತಾಳೀಯ. ಒನೊ ಸುಸುಮು ಎಂಬ ಜಪಾನಿ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನೆನಪಿಡಲು ಉಪಯೋಗಿಸಿಕೊಳ್ಳಿ, ಸಂಬಂಧ ಬೆಳೆಸಲು ಹೋಗಬೇಡಿ.)

ಈಗ ನಿಮ್ಮ ಕರೆಗೆ ಮರಳೋಣ. ತೊಂದರೆ ಸರಿಮಾಡಬೇಕಾದವರು ನೀವು. ಯಾವಾಗ ಸರಿಹೋಗುತ್ತದೆ ಅನ್ನುವುದು ಹೊರಗಿಂದ ಯಾರೋ ಬಂದು ನಿಮಗೆ ತಲುಪಿಸಬೇಕಾದ ಸುದ್ದಿಯಲ್ಲ, ನೀವೇ ನೋಡಿ, ಬಿಡಿಸಿ ಹೇಳಬೇಕಾದದ್ದು. ಅಲ್ಲಿ ಶಿರಿಮಸೆನ್ ಅಂದರೆ 'ಅದು ನನ್ನ ತನಕ ಬಂದಿಲ್ಲ, ನನಗದು ಸಂಬಂಧವಿಲ್ಲ' ಎಂದಂತಾಯಿತು. ಸ್ವಂತ ವಿಷಯಕ್ಕೂ ಇದೇ ಲೆಕ್ಕ. 'ಮುಂದಿನ ವಾರ ಬರ್ತೀರಾ?' ಎಂದು ಕೇಳಿದಾಗ 'ಮದ ವಕರಿಮಸೆನ್' (ಇನ್ನೂ ಗೊತ್ತಾಗಿಲ್ಲ) ಅನ್ನಬೇಕು. ನೀವು ಬರುವುದು ಬಿಡುವುದು ನಿಮಗೇ 'ಗೊತ್ತಿಲ್ಲ' ಅಂದರೆ ಕೇಳಿದವರು ಏನೆಂದುಕೊಳ್ಳಬೇಕು?

ಹಾಗಂತ ಶಿರಿಮಸೆನ್ ಕೆಟ್ಟ ಪದವಲ್ಲ. 'ತನಾಕ ಅವರ ಫೋನ್ ನಂಬರ್ ಗೊತ್ತಾ?' ಎಂದು ಗೆಳೆಯ ಕೇಳಿದರೆ 'ಇಇಎ, ಶಿರಿಮಸೆನ್' ಸರಿಯಾದ ಉತ್ತರ. ನಂಬರು ತಲೆ ಓಡಿಸಿ ಕಂಡುಹಿಡಿಯುವಂಥದ್ದಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಕೆಲಸದ ಕರೆಯಲ್ಲಿ ಮಾತ್ರ ವಕರಿಮಸೆನ್ ಕೂಡ ಸಾಲದು, ಅದು ಬರೀ ಕಡಿಮೆ ತಪ್ಪು. ಜಪಾನಿನ ಕಚೇರಿಗಳಲ್ಲಿ 'ವಕರಿಕನೆಮಸ್' ಅನ್ನುತ್ತಾರೆ. 'ಕನೆರು' ಅಂದರೆ ಮನಸ್ಸಿದ್ದರೂ ಆಗುತ್ತಿಲ್ಲ ಎನ್ನುವ ಧಾಟಿ, 'ಸದ್ಯಕ್ಕೆ ಹೇಳುವುದು ಕಷ್ಟ' ಎಂದ ಹಾಗೆ. ಅದಕ್ಕಿಂತ ಒಳ್ಳೆಯದು 'ಕಕುನಿನ್ ಇತಶಿಮಸ್', ಅಂದರೆ ವಿಚಾರಿಸಿ ಖಚಿತಪಡಿಸುತ್ತೇನೆ. ಇದು ಹೇಳಿದ ಮೇಲೆ ಗೊತ್ತಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ದೊಡ್ಡವರನ್ನು 'ತಮಗೆ ಗೊತ್ತೇ?' ಎಂದು ಕೇಳುವಾಗ 'ಗೊಜೊಂಜಿ ದೆಸ್ ಕ', ನೀವು ಉತ್ತರಿಸುವಾಗ ತಗ್ಗಿ 'ಜೊಂಜಿಮಸೆನ್'. ಇವು ಮುಂದಿನ ಹಂತಗಳಲ್ಲಿ ಬರುತ್ತವೆ, ಈಗ ಕಿವಿಗೆ ಬಿದ್ದಿದ್ದರೆ ಸಾಕು.

ಇನ್ನೊಂದು ಅಪಾಯ ಇದಕ್ಕೆ ತಿರುಗುಮುರುಗು. ಹಿರಿಯರು ಏನನ್ನೋ ವಿವರಿಸುತ್ತಿರುವಾಗ ಉತ್ಸಾಹದಿಂದ 'ಹಯಿ (ಹೌದು), ಶಿತ್ತೆ ಇಮಸ್' ಅಂದುಬಿಟ್ಟರೆ 'ಅದೆಲ್ಲ ನಂಗೊತ್ತು ಬಿಡಿ' ಎಂದಂತೆ. ಕೇಳಿಸಿಕೊಂಡೆ, ಅರ್ಥವಾಯಿತು ಅನ್ನಲು 'ವಕರಿಮಶಿತ'. ಅದನ್ನೇ 'ವಕತ್ತೆ ಇಮಸ್' ಎಂದು ಎಳೆದರೆ ಮತ್ತೆ ಕೆಟ್ಟಿತು. ಹೋಂವರ್ಕ್ ಮಾಡು ಎಂದು ಅಮ್ಮ ಮೂರನೇ ಸಲ ಹೇಳಿದಾಗ ಮಗ 'ಗೊತ್ತಮ್ಮಾ!' ಅನ್ನುತ್ತಾನಲ್ಲ, ಆ ಸಿಡುಕು.

ಒಸಾಕದ ಕಡೆಯವರ ಒಂದು ಅಭ್ಯಾಸ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿ ಒಂದು ವಿಷಯವನ್ನು ಐದು ನಿಮಿಷ ಅಧಿಕಾರವಾಣಿಯಲ್ಲಿ ಹೇಳಿ, ಕೊನೆಯಲ್ಲಿ 'ಶಿರಂಕೆದೊ' ಎಂದು ಸೇರಿಸುತ್ತಾರೆ: 'ನಂಗೇನೂ ಸರಿಯಾಗಿ ಗೊತ್ತಿಲ್ಲಪ್ಪ ಮತ್ತೆ'. ಜವಾಬ್ದಾರಿಯಿಂದ ನುಣುಚಿಕೊಳ್ಳುವ ಶಿರುವಿನ ಗುಣವನ್ನೇ ತಮಾಷೆಗೆ ತಿರುಗಿಸಿದ ಮಾತು. 2022ರಲ್ಲಿ ಜಪಾನಿನ ವರ್ಷದ ಜನಪ್ರಿಯ ಪದಗಳ ಮೊದಲ ಹತ್ತರಲ್ಲಿ ಇದೂ ಸೇರಿತು. ನಿಮ್ಮ ಗ್ರಾಹಕರ ಮುಂದೆ ಬಳಸಬೇಡಿ.

ಒಸಾಕದಲ್ಲಿ ನನ್ನ ಮೊದಲ ಚಳಿಗಾಲದಲ್ಲಿ ನಾನೂ ಒಂದು ಜೋಡಿಯಲ್ಲಿ ಜಾರಿದ್ದೆ. ಬಾಡಿಗೆ ಮನೆಯ ಒಡತಿ ಅಜ್ಜಿಗೆ ನಲ್ಲಿ ನೀರು 'ಸಮುಯಿ' ಎಂದು ದೂರಿದೆ. ಅಜ್ಜಿ ನಲ್ಲಿಯ ಹತ್ತಿರ ಬಗ್ಗಿ 'ಪಾಪ, ನೀರಿಗೆ ಚಳಿಯಾಗ್ತಿದೆಯಾ? ಹೊದಿಕೆ ಕೊಡೋಣ್ವಾ?' ಅಂದರು. ಇಂಗ್ಲಿಷಿನ 'ಕೋಲ್ಡ್' ಮಾಡಿದ ಅನಾಹುತ ಅದು. ನಾನು ಕನ್ನಡದಲ್ಲಿ ಯೋಚಿಸಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ. ಸಮುಯಿ ಅಂದರೆ ಚಳಿ: ಗಾಳಿ, ಋತು, ಮೈಯೆಲ್ಲ ನಡುಗುವುದು. ಮುಟ್ಟಿದರೆ ತಣ್ಣಗಿರುವುದು 'ತ್ಸುಮೆತಯಿ'. ನೀರಿಗೆ ಚಳಿ ಅನ್ನುವವರು ಕನ್ನಡದಲ್ಲಿ ಯಾರಿದ್ದಾರೆ? ಸೆಕೆ ಮತ್ತು ಬಿಸಿಯ ಕತೆಯೂ ಹೀಗೇ. ಜಪಾನಿಯಲ್ಲಿ ಎರಡಕ್ಕೂ ಬಾಯಲ್ಲಿ 'ಅತ್ಸುಯಿ' ಅಂದರೂ ಬರೆಯುವಾಗ ಚಿತ್ರಾಕ್ಷರ ಬೇರೆ. ಹವೆಗೆ ಒಂದು, ಕಾಫಿಗೆ ಇನ್ನೊಂದು. ಸೆಕೆಯೋ ಬಿಸಿಯೋ ಎಂದು ಕೇಳಿಕೊಂಡರೆ ಅಕ್ಷರ ತಾನಾಗಿ ಆರಿಸಿಬರುತ್ತದೆ. ಹಾಗೆಯೇ 'ಮಿಜು' ಅಂದರೆ ತಣ್ಣೀರು ಮಾತ್ರ. ಬಿಸಿನೀರು 'ಒಯು', ಕುಡಿಯಲು ಕಾಯಿಸಿದ ಬರಿಯ ನೀರು 'ಸಯು'. ಅಪ್ಪ ಅಮ್ಮನನ್ನು ಜಪಾನಿಗೆ ಕರೆದುಕೊಂಡು ಹೋದಾಗ ಹೋಟೆಲಲ್ಲಿ 'ಮಿಜು' ಕೇಳಿದರೆ ಐಸ್ ತೇಲುವ ಲೋಟ ಬರುವ ಸಂಭವವೇ ಹೆಚ್ಚು, ಮೊದಲೇ 'ಒಸಯು' ಎಂದು ಕೇಳಿ.

ಆದರೆ ಕನ್ನಡ ಎಲ್ಲ ಕಡೆಯೂ ಕೈಹಿಡಿಯುತ್ತದೆ ಎಂದುಕೊಳ್ಳಬೇಡಿ. ನಮಗೆ ತಂಪು ಒಳ್ಳೆಯದು, ಹರಸುವಾಗಲೂ 'ನಿನ್ನ ಹೊಟ್ಟೆ ತಣ್ಣಗಿರಲಿ' ಅನ್ನುತ್ತೇವೆ. ಜಪಾನಿಯಲ್ಲಿ ಒಬ್ಬರನ್ನು 'ತ್ಸುಮೆತಯಿ ಹಿತೊ' ಅಂದರೆ ಕಲ್ಲೆದೆಯವರು ಎಂದು ಬೈದಂತೆ. ಶಾಂತ ಸ್ವಭಾವದ ಮ್ಯಾನೇಜರನ್ನು ಹೊಗಳಲು ಹೋಗಿ ಈ ಪದ ಎತ್ತಿಬಿಟ್ಟೀರಿ.

ಇನ್ನು 'ಕೊಡು'. ಇಲ್ಲಿ ಕನ್ನಡ ನಿಜಕ್ಕೂ ಕೈಕೊಡುತ್ತದೆ. ಜಪಾನಿಯಲ್ಲಿ ಕೊಡುವುದಕ್ಕೆ ದಿಕ್ಕಿದೆ. ನನ್ನ ಕಡೆಯಿಂದ ಆಚೆಗೆ ಹೋದರೆ 'ಅಗೆರು', ಆಚೆಯಿಂದ ನನ್ನ ಕಡೆಗೆ ಅಥವಾ ನನ್ನವರ ಕಡೆಗೆ ಬಂದರೆ 'ಕುರೆರು'. 'ತೊಮೊದಚಿ ಗ ಹೊನ್ ಒ ಅಗೆಮಶಿತ' ಎಂದು ನೀವು ಹೇಳಿದರೆ, ಗೆಳೆಯ ಇನ್ಯಾರಿಗೋ ಪುಸ್ತಕ ಕೊಟ್ಟ ಎಂದು ಅವರು ತಿಳಿಯುತ್ತಾರೆ. ನಿಮಗೆ ಕೊಟ್ಟಿದ್ದರೆ 'ಕುರೆಮಶಿತ' ಆಗಲೇಬೇಕು. ಆದರೂ ಒಂದು ಎಳೆ ನಮ್ಮಲ್ಲಿದೆ: 'ಹೇಳಿಕೊಡು', 'ಬರೆದುಕೊಡು', 'ಮಾಡಿಕೊಡು'. ಈ 'ಕೊಡು'ವಿನಲ್ಲಿ ವಸ್ತು ಏನೂ ಕೈ ಬದಲಾಗುವುದಿಲ್ಲ, ಇನ್ನೊಬ್ಬರಿಗಾಗಿ ಪಟ್ಟ ಶ್ರಮ ಮಾತ್ರ ಇದೆ. 'ಒಶಿಎತೆ ಕುರೆಮಶಿತ' ಅಂದರೆ ಸರಿಯಾಗಿ 'ಹೇಳಿಕೊಟ್ಟರು'. ಕನ್ನಡದಲ್ಲಿ ಬರೀ 'ಹೇಳಿದರು' ಅಂದರೂ ನಡೆಯುತ್ತದೆ. ಜಪಾನಿಯಲ್ಲಿ ಕುರೆರು ಬಿಟ್ಟರೆ ಉಪಕಾರವನ್ನು ನೆನೆಯದವರ ಹಾಗೆ ಕೇಳಿಸುತ್ತದೆ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಅಂಗಿಗೆ 'ಕಿರು', ಸೊಂಟದಿಂದ ಕೆಳಗಿನ ಪ್ಯಾಂಟು, ಸಾಕ್ಸು, ಚಪ್ಪಲಿಗೆಲ್ಲ 'ಹಕು', ಟೋಪಿಗೆ 'ಕಬುರು', ಕನ್ನಡಕಕ್ಕೆ 'ಕಕೆರು'. ಇಷ್ಟೊಂದು ಕ್ರಿಯಾಪದ ಯಾಕೆ ಎಂದು ಗೊಣಗುವ ಮುಂಚೆ ಸೀರೆ ಉಡುವುದು, ಬಳೆ ತೊಡುವುದು, ಹೂ ಮುಡಿಯುವುದು, ಕುಂಕುಮ ಇಡುವುದು ಇವನ್ನೆಲ್ಲ ಒಮ್ಮೆ ನೆನೆಸಿಕೊಳ್ಳಿ. ನಾವು 'ಹಾಕ್ಕೊ' ಒಂದರಲ್ಲೇ ಎಲ್ಲ ತೂರಿಸಲು ಶುರುಮಾಡಿದ್ದು ನಮ್ಮ ಸೋಮಾರಿತನ.

ನೆನಪಿಡುವ ದಾರಿ ಕೇಳಿದ್ದೀರಿ. ಮೊದಲಿಗೆ, ಪದಪಟ್ಟಿಯ ಇಂಗ್ಲಿಷ್ ಅಂಕಣಕ್ಕೆ ಕಾಗದ ಮುಚ್ಚಿ. ಹೆಪ್‌ಬರ್ನ್ 1867ರಲ್ಲಿ ಜಪಾನಿ-ಇಂಗ್ಲಿಷ್ ನಿಘಂಟು ಹೊರತಂದರು, ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಇಬ್ಬರ ಕೆಲಸಕ್ಕೂ ಕೈಮುಗಿಯಬೇಕು, ಆದರೆ ಕನ್ನಡದಿಂದ ಜಪಾನಿಗೆ ಹೋಗಬೇಕಾದವರು ಲಂಡನ್ ಸುತ್ತಿಕೊಂಡು ಹೋಗುವುದು ಏಕೆ? ಪದಕ್ಕೆ ಪದ ಬರೆಯುವ ಬದಲು ಸಂದರ್ಭಕ್ಕೆ ಸಂದರ್ಭ ಬರೆಯಿರಿ. ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹೀಗಿದೆ: 'ವಕರನಯಿ: ಮಗು ಯಾಕೆ ಅಳ್ತಿದೆ ಅಂತ ಎತ್ತಿಕೊಂಡವಳು ಹೇಳೋದು. ಶಿರನಯಿ: ಪಕ್ಕದ ಸೀಟಿನವನು ಹೇಳೋದು.' ಇಪ್ಪತ್ತು ವರ್ಷವಾಯಿತು, ಮರೆತಿಲ್ಲ.

ಎರಡನೆಯದು, ಪದದ ಅಕ್ಕಪಕ್ಕ ಯಾರು ಕೂರುತ್ತಾರೆ ನೋಡಿ. ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆಯವರು 10 ಕೋಟಿಗೂ ಹೆಚ್ಚು ಪದಗಳ ಬರಹ ಭಂಡಾರ ಮಾಡಿಟ್ಟಿದ್ದಾರೆ, 'ಚೂನಾಗೊನ್' ಎಂಬ ಅವರ ಹುಡುಕು ಸಾಧನದಲ್ಲಿ ನೋಂದಾಯಿಸಿಕೊಂಡು ಅದರಲ್ಲಿ ಹುಡುಕಬಹುದು. ವಕರು ಹಾಕಿ ನೋಡಿದರೆ ಮನಸ್ಸು, ಕಾರಣ, ಅರ್ಥ, ಫಲಿತಾಂಶ ಇಂಥವು ಜೊತೆಗೆ ಸಿಗುತ್ತವೆ. ಶಿರು ಹಾಕಿದರೆ ಹೆಸರು, ಸುದ್ದಿ, ಇರುವಿಕೆ. ಎನ್4ನಿಂದಲೇ ಪರೀಕ್ಷೆಯಲ್ಲಿ 'ಈ ಪದ ಯಾವ ವಾಕ್ಯದಲ್ಲಿ ಸರಿ' ಎಂಬ ಪ್ರಶ್ನೆಗಳಿರುತ್ತವೆ, ಅವಕ್ಕೂ ಇದೇ ಮದ್ದು.

ಕೊನೆಗೆ, ನೀವು ಕೇಳದಿದ್ದರೂ ನಿಮ್ಮ ಕೆಲಸಕ್ಕೆ ಬೇಕಾಗುವ ಒಂದು ಜೋಡಿ: 'ಒಮೊಉ' ಮತ್ತು 'ಕಂಗಎರು'. ಇಂಗ್ಲಿಷಿನಲ್ಲಿ ಎರಡೂ 'ಥಿಂಕ್'. ಕನ್ನಡದಲ್ಲಿ ಒಂದು ಅನಿಸುವುದು, ಇನ್ನೊಂದು ಯೋಚಿಸುವುದು. 'ನಾಳೆ ಮಳೆ ಬರುತ್ತೆ ಅಂತ ಅನಿಸುತ್ತೆ' ಅನ್ನುವಾಗಿನ ನಮ್ಮ 'ಅಂತ', ಅವರ 'ತೊ ಒಮೊಉ'ವಿನ 'ತೊ', ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ. ಕುಳಿತು ಲೆಕ್ಕಹಾಕಿ ತಲೆ ಓಡಿಸಿದರೆ ಅದು ಕಂಗಎರು. ನಿಮ್ಮ ಪ್ರಸ್ತಾಪ ಕೇಳಿ ಗ್ರಾಹಕರು ನಗುನಗುತ್ತಾ 'ಕಂಗಎತೆ ಒಕಿಮಸ್' ಅಂದರೆ, ಅಕ್ಷರಶಃ 'ಯೋಚಿಸಿ ಇಡುತ್ತೇವೆ'. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದೆದ್ದು 'ನೋಡೋಣ, ಮನೇಲಿ ಮಾತಾಡಿ ತಿಳಿಸ್ತೀವಿ' ಅನ್ನುತ್ತಾರಲ್ಲ, ಬಹಳಷ್ಟು ಸಲ ಅಷ್ಟೇ ಅರ್ಥ. ಅಂಥದ್ದನ್ನು ನಿಮ್ಮ ಟ್ರ್ಯಾಕರಿನಲ್ಲಿ 'ಪೆಂಡಿಂಗ್' ಎಂದು ಬರೆದಿಟ್ಟು ಕಾಯಬೇಡಿ.